ಮೂಸದೆ ಒಳಬಿಡುವುದಿಲ್ಲ

ಗ್ಯಾಸ್ ಸಿಲಿಂಡರ್ ಬಂದ ದಿನ ನಮ್ಮನೆಯಲ್ಲಿ ಅಡುಗೆ ಸ್ವಲ್ಪ ತಡ. ತಂದುಕೊಡುವ ಹುಡುಗ ಹೊತ್ತಿಗೆ ಸರಿಯಾಗಿಯೇ ಬರುತ್ತಾನೆ, ತಡವಾಗುವುದು ಚುಕ್ಕಿಯಿಂದ. ಅವಳು ಸಿಲಿಂಡರಿಗೆ ಒಂದು ಸುತ್ತು ಬರಬೇಕು, ತಳದ ಬಳೆಯ ಉದ್ದಕ್ಕೂ ಮೂಸಬೇಕು, ಮುಂಗಾಲೆತ್ತಿ ತಲೆಯ ಭಾಗ ನೋಡಬೇಕು, ಕೊನೆಗೆ ಕೆನ್ನೆ ಒರೆಸಿ ‘ಪಾಸ್’ ಮಾಡಬೇಕು. ಅಲ್ಲಿಯವರೆಗೆ ನನ್ನ ಹೆಂಡತಿ ರೆಗ್ಯುಲೇಟರ್ ಮುಟ್ಟುವುದಿಲ್ಲ. ಇಬ್ಬರ ನಡುವೆ ಅದೇನೋ ಒಪ್ಪಂದವಿದೆ. ನನ್ನ ಕಣ್ಣಿಗೆ ಹೋದ ಸಿಲಿಂಡರೂ ಬಂದ ಸಿಲಿಂಡರೂ ಒಂದೇ ಕೆಂಪು. ಅವಳ ಮೂಗಿಗೆ ಮಾತ್ರ ಇದು ಯಾರದೋ ಅಡುಗೆಮನೆಯಲ್ಲಿ ತಿಂಗಳು ಕಳೆದು, ಲಾರಿ ಹತ್ತಿ, ಗೋದಾಮಿನ ಅಂಗಳದಲ್ಲಿ ನಾಯಿಗಳ ಸಹವಾಸ ಮಾಡಿ ಬಂದ ಆಸಾಮಿ.

ನೋಡಿದವರೆಲ್ಲ ‘ಬೆಕ್ಕಿಗೆ ಎಷ್ಟು ಕುತೂಹಲ!’ ಎನ್ನುತ್ತಾರೆ. ಕುತೂಹಲ ನಿಜ, ಆದರೆ ಅದು ಹೊಸದರ ಮೇಲಿನ ಪ್ರೀತಿ ಎಂದು ನನಗನ್ನಿಸುವುದಿಲ್ಲ. ಬೆಕ್ಕಿಗೆ ಹೊಸದೆಂದರೆ ಆಗುವುದೇ ಇಲ್ಲ. ಮಂಚವನ್ನು ಕಿಟಕಿಯ ಕಡೆಗೆ ಸರಿಸಿದ ದಿನ ಚುಕ್ಕಿ ಊಟ ಬಿಟ್ಟು ಕೋಣೆಯ ನಾಲ್ಕು ಮೂಲೆಗೂ ಹೋಗಿ ಬಂದಳು. ಮಂಚ ಮೊದಲಿದ್ದ ಖಾಲಿ ಜಾಗದ ಮುಂದೆ ಕುಳಿತು ನನ್ನನ್ನು ನೋಡಿದ ರೀತಿಯನ್ನು ಬರೆಯದಿರುವುದೇ ವಾಸಿ. ಹಿಂದಿನ ಕಾಲದ ಶ್ಯಾನುಭೋಗರು ಬಾಂದುಕಲ್ಲು ಇದ್ದಲ್ಲೇ ಇದೆಯೇ, ರಾತ್ರೋರಾತ್ರಿ ಯಾರಾದರೂ ಒತ್ತರಿಸಿದರೇ ಎಂದು ನೋಡಿಕೊಂಡು ಬರುತ್ತಿದ್ದರಂತಲ್ಲ, ಅವಳ ಬೆಳಗಿನ ಸುತ್ತಾಟ ಆ ಜಾತಿಯದು. ನಿನ್ನೆ ಬಿಟ್ಟುಹೋದ ಲೋಕ ಇಂದೂ ಹಾಗೇ ಇದೆಯೇ? ಇದ್ದರೆ ಮಲಗಬಹುದು. ಇಲ್ಲದಿದ್ದರೆ ವಿಚಾರಣೆ.

ಇದಕ್ಕೆ ಕಾರಣ ಹುಡುಕಿದರೆ ಅವಳ ಮುತ್ತಜ್ಜಿಯರ ಕಾಲಕ್ಕೆ ಹೋಗಬೇಕು. ಸಾಕುಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾ ಕಡೆಯ ಕಾಡುಬೆಕ್ಕು, ‘ಫೆಲಿಸ್ ಲಿಬಿಕಾ’. ಮನುಷ್ಯ ಬೆಳೆದು ಕೂಡಿಟ್ಟ ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಅಂದರೆ ನಂಟು ಹಳೆಯದು. ಆದರೂ ನಾಯಿಯಂತೆ ಅದು ಹಿಂಡಿನ ಪ್ರಾಣಿಯಾಗಿರಲಿಲ್ಲ. ಹಿಂಡಿನಲ್ಲಿ ಒಬ್ಬ ನೋಡದಿದ್ದರೆ ಇನ್ನೊಬ್ಬ ನೋಡುತ್ತಾನೆ. ಒಂಟಿ ಬೇಟೆಗಾರನಿಗೆ ಸುದ್ದಿ ತಂದುಕೊಡುವವರು ಯಾರು? ಅದರ ಮೇಲೆ ಬೇಟೆಯೋ, ಇಲಿಮರಿಯಷ್ಟು. ಒಂದು ಹಿಡಿದರೆ ಹೊಟ್ಟೆ ತುಂಬದು, ದಿನಕ್ಕೆ ಹಲವು ಬೇಕು, ಕೈತಪ್ಪುವುದೇ ಹೆಚ್ಚು. ಯಾವ ಬಿಲದಲ್ಲಿ ಸದ್ದಾಯಿತು, ಯಾವ ಸಂದಿ ನಿನ್ನೆ ಮುಚ್ಚಿತ್ತು ಇಂದು ತೆರೆದಿದೆ ಎಂಬುದನ್ನೆಲ್ಲ ತಾನೇ ತಿಳಿದಿಟ್ಟುಕೊಳ್ಳದ ಬೆಕ್ಕು ಉಪವಾಸ ಬಿತ್ತು. ಮೂಗು ತೂರಿಸುತ್ತಿದ್ದದ್ದು ಉಂಡು ಮರಿ ಹಾಕಿತು. ಈಗ ತಟ್ಟೆಯಲ್ಲಿ ಅನ್ನ, ಮೀನು ಬೀಳುತ್ತದೆ, ಸರಿ. ಹೊಟ್ಟೆ ತುಂಬಿತೆಂದು ಹುಟ್ಟುಗುಣ ರಾಜೀನಾಮೆ ಕೊಡುವುದಿಲ್ಲ.

ಆ ಕೆಲಸಕ್ಕೆ ಕೊಟ್ಟಿರುವ ಸಲಕರಣೆ ನೋಡಿದರೆ ನಮಗೆ ಹೊಟ್ಟೆಕಿಚ್ಚಾಗಬೇಕು. ಮನುಷ್ಯನ ಕಿವಿ 20,000 ಹರ್ಟ್ಸ್‌ಗೆ ಸೋಲುತ್ತದೆ. ಬೆಕ್ಕಿನದು ಸುಮಾರು 85,000ದವರೆಗೆ ಕೇಳುತ್ತದೆ. ಇಲಿಗಳು ನಮಗೆ ಕೇಳದಷ್ಟು ತೆಳು ಸ್ವರದಲ್ಲಿ ಮಾತಾಡಿಕೊಳ್ಳುವುದು ಅಲ್ಲಿಯೇ. ನಾವು ‘ಸುಮ್ಮನೆ ಗೋಡೆ ನೋಡುತ್ತಾ ಕೂತಿದೆ’ ಎನ್ನುವಾಗ ಆ ಗೋಡೆಯೊಳಗೆ ಯಾವ ಸಂಸಾರ ನಡೆದಿದೆಯೋ! ಕಣ್ಣು ಮಾತ್ರ ಹತ್ತಿರಕ್ಕೆ ಮೋಸ. ಗೇಣಿಗಿಂತ ಸಮೀಪದ್ದು ಅದಕ್ಕೆ ಮಸುಕು. ಅಲ್ಲಿ ಮೀಸೆ ಕೆಲಸಕ್ಕೆ ಬರುತ್ತದೆ, ಒಂದೊಂದು ಬದಿಗೆ ಹನ್ನೆರಡರಷ್ಟು. ಮುಂಗಾಲಿನ ಹಿಂಬದಿಯಲ್ಲೂ ಅಂಥವೇ ನಾಲ್ಕಾರು ಕೂದಲಿವೆ. ಹಿಡಿದ ಇಲಿ ಮಿಸುಕುತ್ತಿದೆಯೇ ಎಂದು ಕೈಯೇ ಹೇಳಲಿ ಎಂಬ ಏರ್ಪಾಡು. ಕಾಲರ್ ಬೋನ್ ಬೇರೆ ಮೂಳೆಗೆ ಅಂಟಿಕೊಳ್ಳದೆ ಮಾಂಸದಲ್ಲೇ ತೇಲಿಕೊಂಡಿರುವುದರಿಂದ ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ಆದ್ದರಿಂದಲೇ ಅಟ್ಟದ ಮೇಲಿನ ಹಿತ್ತಾಳೆ ಕೊಳಗದೊಳಗಿಂದ ಅವಳನ್ನು ಇಳಿಸಲು ನಾನು ಏಣಿ ಹತ್ತುವುದು.

ನೆಂಟರು ಬಂದರೆ ಚುಕ್ಕಿ ನೆಂಟರನ್ನು ನೋಡುವುದಿಲ್ಲ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹತ್ತಿರ ಹೋಗುತ್ತಾಳೆ. ಮೂಸಿ, ಬಾಯಿ ಅರೆತೆರೆದು, ಮೇಲ್ದುಟಿ ಎತ್ತಿ, ಏನೋ ಅಸಹ್ಯ ಕಂಡವಳಂತೆ ಒಂದು ಕ್ಷಣ ನಿಂತುಬಿಡುತ್ತಾಳೆ. ನಮ್ಮ ಮಾವನವರು ಇದನ್ನು ಅವಮಾನವೆಂದೇ ತಿಳಿದಿದ್ದರು. ಅಂಗುಳಿನ ಮೇಲೆ ವಾಸನೆ ಹಿಡಿಯುವ ಇನ್ನೊಂದು ಅಂಗವಿದೆ, ಗಾಳಿಯನ್ನು ಅದರತ್ತ ಎಳೆದುಕೊಳ್ಳುವ ಭಂಗಿ ಅದು, ಎಂದು ವಿವರಿಸಿದೆ. ‘ಹಾಗಾದರೆ ಎರಡೆರಡು ಸಲ ಮೂಸಿತು ಅನ್ನಿ’ ಎಂದರು. ಸಮಾಧಾನವಾದಂತೆ ಕಾಣಲಿಲ್ಲ.

ಬೆಕ್ಕನ್ನು ಪರೀಕ್ಷಿಸಹೊರಟ ಪಂಡಿತರ ಕತೆ ಇನ್ನೂ ಚೆಂದ. 1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್, ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಅವು ಅಗುಳಿ ತೆಗೆದು ಹೊರಬರುವುದನ್ನು ಗಡಿಯಾರ ಹಿಡಿದು ನೋಡಿದ. ಅದೇ ಜಾಡಿನಲ್ಲಿ 1946ರಲ್ಲಿ ಗತ್ರಿ ಮತ್ತು ಹಾರ್ಟನ್ ಎಂಬಿಬ್ಬರು ಪೆಟ್ಟಿಗೆಯ ನಡುವೆ ಒಂದು ಕೋಲು ನಿಲ್ಲಿಸಿದರು; ಅದು ಅಲುಗಿದರೆ ಬಾಗಿಲು ತೆರೆಯಬೇಕು. ಬೆಕ್ಕುಗಳು ಮತ್ತೆ ಮತ್ತೆ ಒಂದೇ ರೀತಿ ಕೋಲಿಗೆ ಮೈ ಉಜ್ಜಿ ಹೊರಬಂದವು. ಪ್ರಾಣಿ ಹೇಗೆ ಕಲಿಯುತ್ತದೆ ಎಂಬುದಕ್ಕೆ ಇದು ಪುರಾವೆಯೆಂದು ವಿದ್ವಾಂಸರು ತಲೆದೂಗಿದರು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1979ರಲ್ಲಿ, ಮೂರ್ ಮತ್ತು ಸ್ಟಟರ್ಡ್ ಎಂಬುವರು ಅಂಥದೇ ಪೆಟ್ಟಿಗೆ ಮಾಡಿದರು. ಬಾಗಿಲು ತೆರೆಯಲಿಲ್ಲ, ತಿಂಡಿಯೂ ಇಲ್ಲ. ಎದುರಿಗೆ ಮನುಷ್ಯ ಕೂತಿದ್ದರೆ ಬೆಕ್ಕು ಕೋಲಿಗೆ ಮೈ ಉಜ್ಜಿತು. ಯಾರೂ ಕಾಣದಿದ್ದರೆ ಉಜ್ಜಲಿಲ್ಲ. ಅಷ್ಟೇ. ಹಿಂದಿನ ಬೆಕ್ಕುಗಳು ಕಲಿತದ್ದನ್ನು ಒಪ್ಪಿಸುತ್ತಿರಲಿಲ್ಲ, ಎದುರಿಗೆ ಕೂತಿದ್ದ ವಿಜ್ಞಾನಿಗಳಿಗೆ ನಮಸ್ಕಾರ ಹೇಳುತ್ತಿದ್ದವು. ಕಾಲು ಸಿಗಲಿಲ್ಲ, ಕೋಲು ಸಿಕ್ಕಿತು. ಬೆಕ್ಕು ಸಾಕಿದ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಜಪಾನಿನ ಕಿಯೋಟೊ ವಿಶ್ವವಿದ್ಯಾಲಯದವರು ಸ್ವಲ್ಪ ಜಾಣರು. ಬೆಕ್ಕಿಗೆ ಒಡೆಯನ ದನಿಯನ್ನು ಒಂದು ಸ್ಪೀಕರಿನಿಂದ ಕೇಳಿಸಿ, ಮರುಕ್ಷಣವೇ ಅದೇ ದನಿಯನ್ನು ಅಷ್ಟು ಬೇಗ ಹೋಗಲಾಗದಷ್ಟು ದೂರದ ಇನ್ನೊಂದರಿಂದ ಕೇಳಿಸಿದರು. ಬೆಕ್ಕುಗಳು ಕಿವಿ ತಿರುಗಿಸಿ, ತಲೆ ಹೊರಳಿಸಿ ತಬ್ಬಿಬ್ಬಾದವೆಂದು 2021ರ ಅವರ ಬರಹ ಹೇಳುತ್ತದೆ. ಕಣ್ಣು ಮುಚ್ಚಿ ಬಿದ್ದುಕೊಂಡಿದ್ದಾಗಲೂ ಮನೆಯಲ್ಲಿ ಯಾರು ಎಲ್ಲಿದ್ದಾರೆಂಬ ಲೆಕ್ಕ ಅದರ ತಲೆಯಲ್ಲಿ ಓಡುತ್ತಿರುತ್ತದೆ ಎಂದಾಯಿತು. ಕದ್ದು ಬೆಣ್ಣೆ ಡಬ್ಬಿ ತೆರೆಯುವಾಗ ಇದನ್ನು ನಾನು ನೆನಪಿಟ್ಟುಕೊಳ್ಳುತ್ತೇನೆ.

ತೆನಾಲಿ ರಾಮಕೃಷ್ಣನ ಬೆಕ್ಕನ್ನು ಇಲ್ಲಿ ಬಿಡುವಂತಿಲ್ಲ. ಕುದಿಯುವ ಹಾಲಿಗೆ ಒಮ್ಮೆ ಮೂತಿ ಹಾಕಿ ಸುಟ್ಟುಕೊಂಡದ್ದು ಆಮೇಲೆ ಹಾಲಿನ ಬಟ್ಟಲು ಕಂಡರೆ ಓಡುತ್ತಿತ್ತು. ರಾಯರ ಆಸ್ಥಾನವೆಲ್ಲ ನಕ್ಕಿತು. ನನಗಂತೂ ಆ ಬೆಕ್ಕಿನ ಮೇಲೆ ಗೌರವ. ಒಮ್ಮೆ ತಪಾಸಣೆ ನಡೆದು ಷರಾ ಬರೆದಾದ ಮೇಲೆ ಆ ಕಡತವನ್ನು ಅದು ಮತ್ತೆ ತೆರೆಯಲಿಲ್ಲ. ಚುಕ್ಕಿ ಕಡತ ಮುಚ್ಚದಿರುವುದು ಒಂದಕ್ಕೆ ಮಾತ್ರ: ಹಿತ್ತಲ ಕುಪ್ಪಿಗಿಡ. ಅಮ್ಮ ಕಳೆ ಕೀಳುವಾಗ ಅದರ ಬೇರು ಹೊರಬಿದ್ದರೆ ಸಾಕು, ಘನತೆ ಗಾಂಭೀರ್ಯ ಮರೆತು ಅದರ ಮೇಲೆ ಹೊರಳಾಡುತ್ತಾಳೆ. ಪಶ್ಚಿಮದ ಬೆಕ್ಕುಗಳಿಗೆ ಕ್ಯಾಟ್‌ನಿಪ್ ಇದ್ದಂತೆ ನಮ್ಮವಕ್ಕೆ ಇದು.

ಹಿತ್ತಲಿಲ್ಲದವರ ಪಾಡೇನು? ನನ್ನ ತಂಗಿ ಬೆಂಗಳೂರಿನಲ್ಲಿ ಮೂರನೇ ಮಹಡಿಯಲ್ಲಿದ್ದಾಳೆ. ಅವಳ ಗುಂಡ ಬಾಲ್ಕನಿಯ ಬಲೆಯಾಚೆ ಪಾರಿವಾಳ ನೋಡುತ್ತಾ ಹಗಲು ಕಳೆದು, ರಾತ್ರಿ ಬೀರು ತೆಗೆದು ಸೀರೆಗಳ ಮಧ್ಯೆ ವಿಚಾರಣೆ ನಡೆಸುತ್ತಾನೆ. ಕೊರಿಯರ್ ಡಬ್ಬ ಬಿಸಾಡಬೇಡ, ತಿಂಡಿಯನ್ನು ಒಂದೇ ತಟ್ಟೆಗೆ ಹಾಕದೆ ಅಲ್ಲಲ್ಲಿ ಬಚ್ಚಿಡು, ಅವನಿಗೆ ಮಾಡಲು ಕೆಲಸವಿಲ್ಲ ಅಷ್ಟೇ, ಎಂದು ಫೋನಿನಲ್ಲಿ ಉಪದೇಶ ಮಾಡಿದೆ. ಹುರುಪಿನಲ್ಲಿ, ಆಗಾಗ ಸೋಫಾದ ಜಾಗವನ್ನೂ ಬದಲಿಸುತ್ತಿರು ಎಂದೂ ಸೇರಿಸಿದೆ.

‘ಅಣ್ಣಾ, ಇದು ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಸೋಫಾ ಇಡೋಕೆ ಇರೋದೇ ಒಂದು ಜಾಗ’ ಎಂದಳು. ‘ಅದರ ಮೇಲೂ ಅವನೇ ಮಲಗಿದಾನೆ.’