ನೂರಕ್ಕೊಂದು ಕಾಳು
(ದ್ವಿತೀಯ ಬಿ. ಎ. ವಿದ್ಯಾರ್ಥಿನಿಯೊಬ್ಬಳ ಅನುಭವ)

ದಾನವನ್ನು ಬೇಡಲು ಹೋಗಿ ಬರಿಗೈಯಲ್ಲಿ ಹಿಂತಿರುಗಿದವರು ಲೋಕದಲ್ಲಿ ಅನೇಕರುಂಟು. ದಾನವನ್ನು ಕೊಡಲು ಹೋಗಿ ಬರಿಗೈಯಲ್ಲಿ ಹಿಂತಿರುಗಿದವಳು ನಾನು. ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆದಾಗ ಗೆಳತಿಯರೆಲ್ಲರಿಗಿಂತ ಮೊದಲು ಸರದಿಯಲ್ಲಿ ನಿಂತವಳು ನಾನೇ. ಬೆರಳ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ಪರೀಕ್ಷಿಸಿದ ದಾದಿಯು ನನ್ನ ಮುಖವನ್ನು ನೋಡಿದಳು, ಯಂತ್ರವನ್ನು ನೋಡಿದಳು, ಮತ್ತೊಮ್ಮೆ ನನ್ನ ಮುಖವನ್ನು ನೋಡಿ, "ನಿನಗೇ ಯಾರಾದರೂ ಕೊಡಬೇಕಲ್ಲಮ್ಮಾ!" ಎಂದಳು. ರಕ್ತ ಕೊಡುವವರಲ್ಲಿ ಹಿಮೋಗ್ಲೋಬಿನ್ 12.5 ಗ್ರಾಮಾದರೂ ಇರಬೇಕಂತೆ. ನನ್ನದು 9.2. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆನು. ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ವೈದ್ಯರು ಕರೆದು ವಿಚಾರಿಸಿದರು.

"ಯಾವ ಊರು?"

"ಸಿರುಗುಪ್ಪದ ಕಡೆಯ ಹಳ್ಳಿ."

"ಏನು ಊಟ ಮಾಡುತ್ತೀ?"

"ಅನ್ನ."

"ಅನ್ನದ ಜೊತೆಗೆ?"

ಈ ಕೊನೆಯ ಪ್ರಶ್ನೆಗೆ ನನಗೆ ಥಟ್ಟನೆ ಉತ್ತರ ತೋಚಲಿಲ್ಲ. ಅರ್ಥಶಾಸ್ತ್ರದಲ್ಲಿ ಬೇಡಿಕೆ-ಪೂರೈಕೆಯ ನಿಯಮವನ್ನು ನಿದ್ದೆಗಣ್ಣಿನಲ್ಲಿಯೂ ಒಪ್ಪಿಸಬಲ್ಲ ನಾನು, ಹತ್ತೊಂಬತ್ತು ವರ್ಷ ಅನ್ನದ ಜೊತೆಗೆ ಏನು ತಿಂದೆನೆಂಬುದನ್ನು ಹೇಳಲಾರದೆ ನಿಂತೆನು.

ಸಿರುಗುಪ್ಪದವರಿಗೆ ಅನ್ನವೆಂದರೆ ಬರಿಯ ಊಟವಲ್ಲ, ಅಭಿಮಾನ. 1953ರಿಂದ ತುಂಗಭದ್ರೆಯ ನೀರು ಕಾಲುವೆಯಲ್ಲಿ ಹರಿಯತೊಡಗಿದ ಮೇಲೆ ನಮ್ಮ ಸೀಮೆಯ ಕರಿಯ ನೆಲ ಹಸಿರಾಯಿತು. ಭತ್ತದ ಗದ್ದೆಗಳು ಬಂದವು, ಅಕ್ಕಿಯ ಗಿರಣಿಗಳು ಬಂದವು. ಮನೆಯಲ್ಲಿ ಅನ್ನ ಬೆಳ್ಳಗಿದ್ದಷ್ಟೂ ಮನೆತನ ದೊಡ್ಡದೆಂಬ ಭಾವನೆಯೂ ಬಂದಿತು. ಕುರುಗೋಡಿನಲ್ಲಿರುವ ನನ್ನ ತಾಯಿಯ ತಾಯಿ ಮಾತ್ರ ಈ ಬಿಳುಪಿಗೆ ಸೋತವಳಲ್ಲ. ಎಪ್ಪತ್ತು ದಾಟಿದ್ದರೂ ಆಕೆ ದೊಡ್ಡಬಸವೇಶ್ವರನ ಗುಡಿಯವರೆಗೆ ನಡೆದು ಹೋಗಿ ಬರುತ್ತಾಳೆ. ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ. ನನ್ನ ರಕ್ತದ ಸುದ್ದಿ ಕೇಳಿ ಆಕೆ ಅಂದದ್ದು ಇಷ್ಟೆ: "ಅಕ್ಕಿ ಬಂತಂತ ಜ್ವಾಳಕ್ಕ ಬೆನ್ನ ಮಾಡಿದ್ರಿ. ಈಗ ಗುಳಿಗಿ ನುಂಗ್ರಿ."

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಪುಸ್ತಕ ತೆರೆದು ನೋಡಿದರೆ ಆಕೆಯ ಮಾತೇ ಅಲ್ಲಿದೆ. 100 ಗ್ರಾಂ ಪಾಲಿಷ್ ಅಕ್ಕಿಯಲ್ಲಿರುವ ಕಬ್ಬಿಣ 1 ಮಿಲಿಗ್ರಾಮಿಗಿಂತಲೂ ಕಡಮೆ. ಅಷ್ಟೇ ಜೋಳದಲ್ಲಿ ಸುಮಾರು 4. ಸಜ್ಜೆಯಲ್ಲಿ 6ಕ್ಕೂ ಮಿಕ್ಕಿ. ನಾನು ಒಬ್ಬಳೇ ಹೀಗಿದ್ದರೆ ನನ್ನ ಹಣೆಯ ಬರಹವೆಂದು ಸುಮ್ಮನಿರಬಹುದಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ನಮ್ಮ ತರಗತಿಯ ಬೆಂಚುಗಳನ್ನು ಎಣಿಸಿ ನೋಡಿದೆನು. ಬೆಂಚಿನಲ್ಲಿ ನಾಲ್ವರಿದ್ದರೆ ಇಬ್ಬರು!

ಆಗ ನನಗೆ ನಮ್ಮ ಹಳ್ಳಿಯ ಶಾಲೆಯ ಬಿಸಿಯೂಟ ನೆನಪಾಯಿತು. ಆ ಊಟದ ಋಣವನ್ನು ಮೊದಲು ಹೇಳಬೇಕು. ನಮ್ಮ ಜಿಲ್ಲೆಗೆ ಅದು ಬಹಳ ತಡವಾಗಿ ಬಂದ ಭಾಗ್ಯ. ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮದ್ರಾಸನ್ನು ಬಿಟ್ಟು ಮೈಸೂರನ್ನು ಸೇರಿತು. ಮರುವರ್ಷವೇ ಕಾಮರಾಜರು ಮದ್ರಾಸಿನ ಮುಖ್ಯಮಂತ್ರಿಗಳಾದರು; 1956ರಲ್ಲಿ ಅಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ತೊಡಗಿತು. ಬಾಲ್ಯದಲ್ಲಿಯೇ ಶಾಲೆ ಬಿಡಬೇಕಾಗಿ ಬಂದಿದ್ದ ಮನುಷ್ಯನಿಗೆ, ಹಸಿದ ಮಗು ಪಾಠ ಕೇಳಲಾರದೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾವು ಆ ಪಂಕ್ತಿಯಿಂದ ಮೂರೇ ವರ್ಷ ಮೊದಲು ಎದ್ದು ಬಂದವರು! ಕನ್ನಡದ ತಾಯಿಯನ್ನು ಸೇರಿದ್ದು ಸಂತೋಷವೇ. ಆದರೆ ಎಲೆ ಹಾಕಲು ಆ ತಾಯಿಗೆ ಸುಮಾರು ಐವತ್ತು ವರ್ಷ ಬೇಕಾಯಿತು. ನಡುವೆ ಕೆಲವು ಶಾಲೆಗಳಿಗೆ ಅಮೆರಿಕದ ಕೇರ್ ಸಂಸ್ಥೆಯ ಗೋಧಿಯ ಉಪ್ಪಿಟ್ಟು ಬಂದದ್ದುಂಟು. 1995ರಿಂದ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವ ಯೋಜನೆ ಬಂದದ್ದುಂಟು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದ್ದು 2001ರ ನವೆಂಬರಿನಲ್ಲಿ. 2002ರಲ್ಲಿ ನಮ್ಮ ರಾಜ್ಯದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಪ್ರಾರಂಭವಾದಾಗ ಬಳ್ಳಾರಿಯೂ ಅವುಗಳಲ್ಲಿ ಒಂದಾಗಿತ್ತು. ಬಸವಣ್ಣನವರ ಕಾಲದ 'ದಾಸೋಹ'ವೆಂಬ ಮಾತಿಗೆ ಅಕ್ಷರವನ್ನು ಕೂಡಿಸಿದವರು ಯಾರೋ, ಅವರ ನಾಲಗೆ ತಣ್ಣಗಿರಲಿ.

ಆದರೂ ನನ್ನ ಚಿಕ್ಕಪ್ಪನ ಮಗಳು, ಈಗ ನಾಲ್ಕನೆಯ ತರಗತಿಯವಳು, ಶಾಲೆಯ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕೆಂದು ಹೇಳಿದಾಗ ನನಗೆ ರೋಷ ಬಂದಿತು. 9.2ರ ರೋಷ! ಆ ರಾತ್ರಿಯೇ ಕುಳಿತು, ಸಾರು ನೀರಾಗಿದೆಯೆಂದೂ ಅಡುಗೆಯವರು ಅಲಕ್ಷ್ಯ ಮಾಡುತ್ತಿರುವರೆಂದೂ ಮೇಲಿನವರಿಗೆ ಒಂದು ಅರ್ಜಿ ಬರೆದು ಹಾಕಿದೆನು. ಭಾಷೆ ಬಹಳ ಚೆನ್ನಾಗಿತ್ತೆಂದು ನನಗೇ ಮೆಚ್ಚುಗೆಯಾಗಿತ್ತು. ಅದರ ಫಲ ಬೇಗನೆ ದೊರೆಯಿತು. ಯಾರೋ ಬಂದು ವಿಚಾರಿಸಿದರಂತೆ; ಮಕ್ಕಳೆದುರಿಗೇ ಅಡುಗೆಯಾಕೆಯನ್ನು ಬೈದರಂತೆ. ಸಾರು ಮಾತ್ರ ಇದ್ದಂತೆಯೇ ಇತ್ತು.

ಭಾನುವಾರ ಸಂಜೆ ಆಕೆ ನಮ್ಮ ಮನೆಗೆ ಬಂದಳು. ಐದು ವರ್ಷ ನನ್ನ ತಟ್ಟೆಗೆ ಅನ್ನ ಹಾಕಿದವಳು. ಜಗಳಕ್ಕೆ ಬಂದಿರುವಳೆಂದು ನಾನು ಒಳಮನೆಗೆ ಸರಿದೆನು. ಆಕೆ ಜಗಳ ಆಡಲಿಲ್ಲ. "ನೀ ಕಾಲೇಜಿನಾಕಿ, ಲೆಕ್ಕ ಬರ್ತೈತಿ. ನಾಳಿ ಬಂದು ಒಂದಿನ ಒಲಿ ಮುಂದ ನಿಂತು ಲೆಕ್ಕ ಮಾಡವ್ವ," ಎಂದು ಹೇಳಿ ನೀರನ್ನೂ ಕುಡಿಯದೆ ಹೋದಳು. ಅವಳು ಬೈದಿದ್ದರೆ ನಾನು ಹಗುರಾಗುತ್ತಿದ್ದೆನು.

ಮರುದಿನ ಹೋದೆನು. ಒಂದರಿಂದ ಐದನೆಯ ತರಗತಿಯವರೆಗೆ 90 ಮಕ್ಕಳು. ನಿಯಮದಂತೆ ಇಬ್ಬರು ಅಡುಗೆಯವರು. ಮಗುವೊಂದಕ್ಕೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5. ಅಂದರೆ 90 ಮಕ್ಕಳಿಗೆ ಬೇಳೆ 1 ಕಿಲೋ 800 ಗ್ರಾಂ. ಅಕ್ಕಿಯನ್ನು ಬಿಟ್ಟು ಮಿಕ್ಕ ಬೇಳೆ, ತರಕಾರಿ, ಎಣ್ಣೆ, ಸಂಬಾರ, ಉರುವಲುಗಳಿಗೆಲ್ಲ 2025ರ ಮೇ ತಿಂಗಳಿನಿಂದ ಗೊತ್ತುಮಾಡಿರುವ ದರ ಮಗುವೊಂದಕ್ಕೆ 6 ರೂಪಾಯಿ 78 ಪೈಸೆ. ಬಳ್ಳಾರಿಯ ಬಸ್‌ಸ್ಟ್ಯಾಂಡಿನಲ್ಲಿ ನಾವು ಬಸ್ಸಿಗೆ ಕಾಯುತ್ತ ಕುಡಿಯುವ ಚಹಕ್ಕೆ ಅದಕ್ಕಿಂತ ಹೆಚ್ಚು ಕೊಡುತ್ತೇವೆ. ಅಡುಗೆಯವರಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'; ಅದರಲ್ಲಿ ಗೌರವವೇ ಹೆಚ್ಚು, ಧನ ಕಡಮೆ.

"ಇದ್ದ ಬ್ಯಾಳಿಗೆ ಇಷ್ಟು ನೀರು ಯಾಕೆ?" ಎಂದು ಕೇಳಿದೆನು. ಆಕೆ ಸಾಲಿನಲ್ಲಿ ಕುಳಿತ ಮಕ್ಕಳ ಕಡೆಗೆ ಕೈ ತೋರಿಸಿದಳು. "ಅರ್ಧ ಹುಡುಗ್ರು ಮುಂಜಾನೆ ಏನೂ ತಿಂದು ಬರಂಗಿಲ್ಲ. ಅವ್ವ-ಅಪ್ಪ ನಸುಕಿನಾಗ ನಾಟಿಗೆ ಹೋಗಿರ್ತಾರ. ಮತ್ತ ಅನ್ನ ಬೇಡ್ತಾರ. ಅನ್ನ ಹೆಚ್ಚಾದ್ರ ಸಾರೂ ಹೆಚ್ಚಾಗಬೇಕಲ್ಲ?" ಸಾರು ತೆಳ್ಳಗಾಗಿದ್ದುದು ಸೌಟಿನ ಅಲಕ್ಷ್ಯದಿಂದಲ್ಲ, ಬೆಳಗಿನ ಹಸಿವಿನಿಂದ! ನನ್ನ ಚೆಂದದ ಅರ್ಜಿಯಲ್ಲಿ ಈ ಒಂದು ಸಂಗತಿ ಇರಲಿಲ್ಲ.

ಆ ದಿನವೇ ಇನ್ನೊಂದನ್ನು ಕಂಡೆನು. ಆಕೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಕೆಲವು ಕಾಳುಗಳನ್ನು ಆರಿಸಿ ತೆಗೆದು ಕಸಕ್ಕೆ ಎಸೆಯುತ್ತಿದ್ದಳು. ಅವು ಸ್ವಲ್ಪ ಹಳದಿ, ಸ್ವಲ್ಪ ಮಂಕು. ತೊಳೆಯುವಾಗ ಒಂದೆರಡು ತೇಲುತ್ತವೆ. "ಪ್ಲಾಸ್ಟಿಕ್ ಅಕ್ಕಿ," ಎಂದಳು. ಊರಿನವರೆಲ್ಲರ ಮಾತೂ ಅದೇ. ಅಕ್ಕಿಯ ಸೀಮೆಯವರಲ್ಲವೆ? ಕಾಳನ್ನು ಕಂಡರೆ ಯಾವ ಭತ್ತವೆಂದು ಹೇಳಬಲ್ಲವರ ಕಣ್ಣಿಗೆ ಗೊತ್ತಿಲ್ಲದ ಕಾಳು ಬಿದ್ದರೆ ಸಂಶಯ ಬಾರದೆ ಇರುತ್ತದೆಯೆ?

ನಾನು ಆ ಕಾಳುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ನಮ್ಮ ವಿಜ್ಞಾನ ವಿಭಾಗದ ಅಧ್ಯಾಪಕರೊಬ್ಬರಿಗೆ ತೋರಿಸಿದೆನು. ಅವರು ನಕ್ಕು ವಿವರಿಸಿದರು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಯ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವಗಳನ್ನು ಬೆರೆಸಿ ಯಂತ್ರದಿಂದ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು. ನೂರು ಕಾಳು ಅಕ್ಕಿಗೆ ಇಂಥದೊಂದು ಕಾಳಿನ ಪ್ರಮಾಣದಲ್ಲಿ ಬೆರೆಸುತ್ತಾರೆ. ಸರಕಾರವು 2021ರಲ್ಲಿ ಸಾರಿ, ಹಂತಹಂತವಾಗಿ ಶಾಲೆ, ಅಂಗನವಾಡಿ, ಪಡಿತರಗಳಿಗೆಲ್ಲ ಕೊಡತೊಡಗಿದ್ದ ಅಕ್ಕಿ ಇದೇ. ಬಿಳಿಯ ಅನ್ನದಲ್ಲಿ ಯಾವ ಕಬ್ಬಿಣ ಇಲ್ಲವೆಂದು ನಾನು ಕೊರಗುತ್ತಿದ್ದೆನೋ, ಆ ಕಬ್ಬಿಣವನ್ನೇ ನಮ್ಮವರು ಆರಿಸಿ ಆರಿಸಿ ಕೋಳಿಗಳಿಗೆ ಚೆಲ್ಲುತ್ತಿದ್ದರು!

ಆ ಅಧ್ಯಾಪಕರು ಒಂದು ಶನಿವಾರ ಎರಡು ಸಣ್ಣ ಸೀಸೆಗಳೊಂದಿಗೆ ನಮ್ಮ ಹಳ್ಳಿಗೇ ಬಂದರು. ಶಾಲೆಯ ಕಟ್ಟೆಯ ಮೇಲೆ ತಾಯಂದಿರು ಕೂಡಿದ್ದರು. ಮೊದಲು ಕಾಳುಗಳನ್ನು ನೆನೆಸಿ ಬೆರಳಿನಿಂದ ಹಿಸುಕಿದರೆ ಹಿಟ್ಟಾಯಿತು, ಪ್ಲಾಸ್ಟಿಕ್ ಹಿಟ್ಟಾಗುವುದುಂಟೆ? ಬಳಿಕ ಎರಡು ತಟ್ಟೆಗಳಲ್ಲಿ ಎರಡು ಬಗೆಯ ಕಾಳುಗಳನ್ನು ಇಟ್ಟು ಆಮ್ಲವನ್ನೂ ಥಯೋಸಯನೇಟ್ ದ್ರಾವಣವನ್ನೂ ಹನಿಸಿದರು. ಒಂದು ತಟ್ಟೆಯ ಕಾಳುಗಳು ಹಾಗೆಯೇ ಉಳಿದವು; ಇನ್ನೊಂದರವು ಕಣ್ಣೆದುರಿಗೇ ಕೆಂಪಾದವು. "ಕಬ್ಬಿಣವಿದ್ದರೆ ಮಾತ್ರ ಹೀಗೆ ಕೆಂಪಾಗುತ್ತದೆ," ಎಂದರು. ಅಡುಗೆಯಾಕೆ ಬಹಳ ಹೊತ್ತು ಆ ತಟ್ಟೆಯನ್ನು ನೋಡಿದಳು. "ರಕ್ತದಂಗ ಐತಿ," ಎಂದಳು. ಅಂದಿನಿಂದ ಆಕೆ ಕಾಳು ಆರಿಸುವುದನ್ನು ಬಿಟ್ಟಿದ್ದಾಳೆ. ನಾನು ಆಕೆಯ ಕ್ಷಮೆಯನ್ನು ಕೇಳಿದೆನು. "ಅರ್ಜಿ ಬರಿಯೋದು ಕಲ್ತೀದಿ. ಇನ್ನೊಂದು ಬರಿ, ಈ ಸಲ ಬ್ಯಾಳಿ ಕೇಳು," ಎಂದಳು. ಅದನ್ನೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಉತ್ತರ ಬರುವವರೆಗೆ ಸುಮ್ಮನಿರಲಾಗದೆ ನಾವು ನಾಲ್ವರು ಗೆಳತಿಯರು ಕೂಡಿ ಶಾಲೆಯ ಸುತ್ತ ಹನ್ನೆರಡು ನುಗ್ಗೆಯ ಕೊಂಬೆಗಳನ್ನು ನೆಟ್ಟೆವು. ಏಳನ್ನು ಊರಿನ ಮೇಕೆಗಳು ತಿಂದವು. ಅವುಗಳಲ್ಲಿ ರಕ್ತಹೀನತೆ ಇರಲಾರದು. ಉಳಿದ ಐದು ಚಿಗುರಿವೆ. ಸೊಪ್ಪನ್ನು ಮಕ್ಕಳು ಎತ್ತಿ ತಟ್ಟೆಯ ಅಂಚಿಗೆ ಇಡುತ್ತಾರೆಂದು ಅಡುಗೆಯಾಕೆ ಅದನ್ನು ಸಣ್ಣಗೆ ಹೆಚ್ಚಿ ಬೇಳೆಯೊಡನೆ ಕಡೆದುಬಿಡುತ್ತಾಳೆ. ಮೇಲೆ ನಿಂಬೆಯ ಹುಳಿ. ಹುಳಿಯಿದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಊಟದ ಜೊತೆಗೆ ಚಹ ಕುಡಿದರೆ ಹತ್ತುವುದಿಲ್ಲ ಎಂಬುದನ್ನು ನಾನು ಈಗ ಕಲಿತೆನು. ಅಜ್ಜಿಯ ಪುಂಡಿಪಲ್ಯ ಹುಟ್ಟಿನಿಂದಲೇ ಹುಳಿ! ಕಾಲೇಜಿನಲ್ಲಿ ನನ್ನನ್ನು 'ನುಗ್ಗೆಸೊಪ್ಪಿನ ಸಂಘದ ಸಂಸ್ಥಾಪಕಿ' ಎಂದು ಕರೆಯುತ್ತಾರೆ. ಐದು ಗಿಡಗಳ ಸಂಸ್ಥೆಗೆ ಅದು ದೊಡ್ಡ ಬಿರುದಾಯಿತು, ಆದರೂ ಬೇಡವೆನ್ನುವುದಿಲ್ಲ.

ಕಾಲ ಕೆಟ್ಟಿತೆಂದು ನಾನು ಹೇಳಲಾರೆ. 2013ರಲ್ಲಿ ನಾನು ಚಿಕ್ಕವಳಿದ್ದಾಗಲೇ ಶಾಲೆಗೆ ಹಾಲು ಬಂದಿತು. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಬಂದಿತು, ಒಲ್ಲದವರಿಗೆ ಬಾಳೆಹಣ್ಣು. ಪರ-ವಿರೋಧದ ಗದ್ದಲ ಪತ್ರಿಕೆಗಳಲ್ಲಿ ನಡೆದಿದ್ದಾಗ ಮಕ್ಕಳು ಮೊಟ್ಟೆ ಸುಲಿಯುತ್ತಿದ್ದರು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಸಿಗದ ಗದಗಿನ ಮಕ್ಕಳೊಡನೆ ಹೋಲಿಸಿ ನೋಡಿದಾಗ ಯಾದಗಿರಿಯವರ ತೂಕ ಹೆಚ್ಚಿತ್ತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಅದೇ ವರ್ಷ ಹಾಲಿನೊಡನೆ ರಾಗಿಯ ಮಾಲ್ಟು. ಅನ್ನದ ಜೊತೆಗೆ ಏನು ಎಂಬ ಪ್ರಶ್ನೆಗೆ ನನ್ನ ತಂಗಿಯ ಬಳಿ ಉತ್ತರವಿದೆ.

ಆದರೆ ಗುರುಹಿರಿಯರಲ್ಲಿ ಒಂದು ಪ್ರಶ್ನೆ. ಬಿಸಿಯೂಟ ಹತ್ತನೆಯ ತರಗತಿಗೆ ಮುಗಿಯುತ್ತದೆ. ಹಸಿವು ಅಲ್ಲಿಗೆ ಮುಗಿಯುವುದೆ? ಸಿರುಗುಪ್ಪ, ಕುರುಗೋಡುಗಳ ಕಡೆಯಿಂದ ಮೊದಲ ಬಸ್ಸಿಗೆ ಬಂದು ಮೊದಲ ಪಿರಿಯಡ್ಡಿನಲ್ಲಿ ತೂಕಡಿಸುವವರೆಲ್ಲರೂ ಸೋಮಾರಿಗಳಲ್ಲ. ಹಾಜರಿ ಕರೆಯುವಾಗ ಒಮ್ಮೊಮ್ಮೆ ತಿಂಡಿಯನ್ನೂ ಕೇಳಿದರೆ ಸಾಕು.

ಈ ವರ್ಷದ ಶಿಬಿರದಲ್ಲಿ ಮತ್ತೆ ಸರದಿಯಲ್ಲಿ ನಿಂತೆನು. ಕಬ್ಬಿಣದ ಗುಳಿಗೆ, ಜೋಳದ ರೊಟ್ಟಿ, ನುಗ್ಗೆಸೊಪ್ಪು ಎಲ್ಲವೂ ಕೂಡಿ ಈ ಸಲ 11.6. ಈಗಲೂ ಹಿಂದಕ್ಕೆ ಕಳಿಸಿದರು. ಆದರೆ ಈ ಸಲ ವೈದ್ಯರು, "ಏನು ಊಟ ಮಾಡುತ್ತೀ?" ಎಂದು ಕೇಳಿದಾಗ, ಹಿಂದೆ ನಿಂತವರು ಬೇಸರಪಡುವಷ್ಟು ಹೊತ್ತು ಉತ್ತರ ಹೇಳಿದೆನು. ಇನ್ನು 0.9 ಗ್ರಾಂ ಬಾಕಿ ಇದೆ.