ಆಟವೂ ವಯಸ್ಸೂ

ಸಂಗೀತವನ್ನು ಕೇಳುವ ಹವ್ಯಾಸವುಳ್ಳವನನ್ನು ಲೋಕವು ರಸಿಕನೆಂದು ಕರೆಯುತ್ತದೆ, ಪುಸ್ತಕಗಳನ್ನೋದುವವನನ್ನು ವಿದ್ಯಾವಂತನೆನ್ನುತ್ತದೆ, ಹಿತ್ತಿಲಲ್ಲಿ ನಾಲ್ಕು ಗುಲಾಬಿಯ ಗಿಡಗಳನ್ನು ಬೆಳೆಸಿದವನನ್ನೂ ಸದಭಿರುಚಿಯವನೆಂದು ಕೊಂಡಾಡುತ್ತದೆ. ಆದರೆ ಐವತ್ತರ ಅಂಚಿಗೆ ಬಂದ ಗೃಹಸ್ಥನೊಬ್ಬನು ರಾತ್ರಿ ಊಟವಾದ ಮೇಲೆ ಪರದೆಯ ಮುಂದೆ ಕುಳಿತು ವಿಡಿಯೋ ಗೇಮ್ ಆಡುವುದನ್ನು ಕಂಡರೆ ಮಾತ್ರ ಅದಕ್ಕೆ ನಗೆ ಬರುತ್ತದೆ. “ಇನ್ನೂ ಹುಡುಗಾಟ ಬಿಡಲಿಲ್ಲವೆ?” ಎಂಬುದು ಮನೆಗೆ ಬಂದ ನೆಂಟರ ಮೊದಲನೆಯ ಪ್ರಶ್ನೆ. ಆತನೂ ಕಳವಿನಲ್ಲಿ ಸಿಕ್ಕಿಬಿದ್ದವನಂತೆ ಕೈಯಲ್ಲಿದ್ದುದನ್ನು ಬದಿಗಿಟ್ಟು, ಮಳೆಬೆಳೆಯ ಮಾತನ್ನು ತೆಗೆಯುತ್ತಾನೆ. ಈ ನಗೆಗೂ ಈ ನಾಚಿಕೆಗೂ ತಕ್ಕ ಕಾರಣವುಂಟೆ ಎಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು.

ಆಟವು ಮಕ್ಕಳಿಗೆ ಮಾತ್ರ ಸೇರಿದುದೆಂಬ ಭಾವನೆ ನಮ್ಮ ನಾಡಿನಲ್ಲಿ ಹಳೆಯದಲ್ಲ. ಹಿಂದೆ ಅರಳಿಕಟ್ಟೆಯ ಮೇಲೆ ಹುಲಿ-ಕುರಿಯಾಟಕ್ಕೆ ಕುಳಿತವರು ಮೊಮ್ಮಕ್ಕಳನ್ನು ಕಂಡ ಯಜಮಾನರು; ನಡುಮನೆಯಲ್ಲಿ ಅಳಗುಳಿಮಣೆಯನ್ನು ಹರಡಿ ಹುಣಿಸೆಬೀಜಗಳನ್ನು ಎಣಿಸುತ್ತಿದ್ದವರು ಸಂಸಾರದ ಭಾರವನ್ನೆಲ್ಲ ಹೊತ್ತ ಗೃಹಿಣಿಯರು. ಕನ್ನಡನಾಡಿನ ಅನೇಕ ಹಳೆಯ ದೇವಾಲಯಗಳ ಜಗಲಿಗಳಲ್ಲಿ ಕಲ್ಲಿನ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ದೇವರ ಸನ್ನಿಧಿಯಲ್ಲಿಯೇ ಅವುಗಳಿಗೆ ಸ್ಥಳ ದೊರೆತಿದ್ದಿತೆಂದ ಮೇಲೆ, ದೊಡ್ಡವರು ಆಟವಾಡುವುದನ್ನು ಅಂದಿನ ಸಮಾಜವು ಹೀನವೆಂದು ಎಣಿಸಿರಲಿಲ್ಲವೆಂಬುದು ಸ್ಪಷ್ಟ.

ಈ ಮಾತಿಗೆ ಉತ್ತಮ ನಿದರ್ಶನವು ಮೈಸೂರಿನ ಅರಮನೆಯಲ್ಲಿಯೇ ಉಂಟು. ಮುಮ್ಮಡಿ ಕೃಷ್ಣರಾಜ ಒಡೆಯರವರು 1794ರಲ್ಲಿ ಜನಿಸಿ, 1799ರಲ್ಲಿ ಐದು ವರ್ಷದ ಬಾಲಕರಾಗಿದ್ದಾಗ ಪಟ್ಟವೇರಿದರು. 1831ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ತಾವೇ ವಹಿಸಿಕೊಂಡರು. ಅಲ್ಲಿಂದ 1868ರಲ್ಲಿ ದಿವಂಗತರಾಗುವವರೆಗೆ ಮಹಾರಾಜರಿಗೆ ಸಿಂಹಾಸನವಿದ್ದರೂ ಅಧಿಕಾರವಿರಲಿಲ್ಲ. ಮತ್ತೊಬ್ಬರಾಗಿದ್ದರೆ ಆ ದೀರ್ಘವಾದ ವರ್ಷಗಳನ್ನು ಕೊರಗಿನಲ್ಲಿ ಕಳೆಯುತ್ತಿದ್ದರೇನೋ. ಅವರಾದರೋ ಕವಿಗಳಿಗೂ ಪಂಡಿತರಿಗೂ ಆಶ್ರಯವಿತ್ತು, ಉಳಿದ ವೇಳೆಯಲ್ಲಿ ಹೊಸ ಹೊಸ ಆಟಗಳನ್ನು ಕಲ್ಪಿಸಿದರು. ಗಂಜೀಫದ ಎಲೆಗಳಲ್ಲಿ ನಾನಾ ವಿಧಗಳನ್ನು ಏರ್ಪಡಿಸಿದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದು ಸಲವೇ ಮೆಟ್ಟಿ ಬರುವ ಬಗೆಗಳನ್ನು ಕಂಡುಹಿಡಿದರು. ಅವರ ಹೆಸರಿನ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳು. ಶಕ್ತಿ, ವಿಷ್ಣು, ಶಿವ ಮೊದಲಾದ ದೇವತಾಮೂರ್ತಿಗಳ ವಿವರಣೆಗೆ ಮೀಸಲಾದ ಆ ಮಹಾಗ್ರಂಥದ ಕೊನೆಯ ನಿಧಿಯ ಹೆಸರು ಕೌತುಕನಿಧಿ. ಅದರ ವಿಷಯವು ಆಟಗಳು. ರಾಜ್ಯವನ್ನು ಕಳೆದುಕೊಂಡವರಿಗೆ ಅರುವತ್ತುನಾಲ್ಕು ಮನೆಗಳ ರಾಜ್ಯವೊಂದು ಉಳಿದಿದ್ದಿತು. ಅದನ್ನು ಯಾವ ಕಮಿಷನರೂ ವಶಪಡಿಸಿಕೊಳ್ಳುವಂತಿರಲಿಲ್ಲ.

ವಿಡಿಯೋ ಗೇಮು ಈ ವಂಶದ ಕಿರಿಯ ಕೂಸು. 1958ರಲ್ಲಿ ಅಮೆರಿಕದ ಒಂದು ಪ್ರಯೋಗಶಾಲೆಯಲ್ಲಿ, ನೋಡಲು ಬಂದವರಿಗೆ ಬೇಸರವಾಗದಿರಲೆಂದು, ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿಯು ಪರದೆಯ ಮೇಲೆ ಬೆಳಕಿನ ಚುಕ್ಕಿಯೊಂದನ್ನು ಟೆನ್ನಿಸ್ ಚೆಂಡಿನಂತೆ ಪುಟಿಯಿಸಿ ತೋರಿಸಿದನು. 1972ರಲ್ಲಿ ‘ಪಾಂಗ್’ ಎಂಬ ಆಟವು ಪೇಟೆಯನ್ನು ಹೊಕ್ಕಿತು. 1980ರಲ್ಲಿ ಜಪಾನಿನ ‘ಪ್ಯಾಕ್‌ಮ್ಯಾನ್’, ಅದರ ಹಿಂದೆಯೇ ಮಾಸ್ಕೋ ನಗರದ ಅಲೆಕ್ಸಿ ಪಾಜಿಟ್ನೋವ್ ರಚಿಸಿದ ‘ಟೆಟ್ರಿಸ್’, 1985ರಲ್ಲಿ ಮೀಸೆಯ ಕೊಳಾಯಿಗಾರ ಮಾರಿಯೋ, ಹೀಗೆ ಒಂದೊಂದಾಗಿ ಬಂದುವು. ಬೆಂಗಳೂರಿನಲ್ಲಿಯೇ 1997ರಲ್ಲಿ ಧ್ರುವ ಎಂಬ ಸಂಸ್ಥೆಯು ಈ ಉದ್ಯಮಕ್ಕೆ ಕೈಹಾಕಿ, ಭರತಖಂಡದಲ್ಲಿ ಇಂಥ ಕೆಲಸವನ್ನು ಕೈಗೊಂಡ ಮೊದಲಿಗರಲ್ಲಿ ಒಂದಾಯಿತು.

ಈ ಆಟಗಳೊಡನೆಯೇ ಬೆಳೆದವನ ಬಾಳು ಎಂಥದೆಂಬುದನ್ನು ತಿಳಿಯಲು ತೊಂಡೇಬಾವಿಯಂಥ ಊರಿನ ಒಬ್ಬನನ್ನು ಮನಸ್ಸಿಗೆ ತಂದುಕೊಳ್ಳೋಣ. ಆತನು ಬಾಲಕನಾಗಿದ್ದ 1990ರ ದಶಕದಲ್ಲಿ ಟೀವಿಗೆ ತಂತಿಯಿಂದ ಜೋಡಿಸುವ ಆಟದ ಪೆಟ್ಟಿಗೆಯು ಬೇಸಗೆಯ ರಜೆಗೆ ಪಟ್ಟಣದಿಂದ ಬಂದ ಯಾರೋ ನೆಂಟರ ಹುಡುಗನ ಜೊತೆಯಲ್ಲಿ ಊರಿಗೆ ಬರುತ್ತಿದ್ದಿತು. ಕ್ಯಾಸೆಟ್ಟನ್ನು ಸಿಕ್ಕಿಸುವುದಕ್ಕೆ ಮೊದಲು ಅದರ ಬಾಯಿಗೆ ‘ಉಫ್’ ಎಂದು ಊದುವುದು ಒಂದು ಸಂಸ್ಕಾರವೇ ಆಗಿದ್ದಿತು. ಹತ್ತು ಮಂದಿ ಹುಡುಗರು ಚಾಪೆಯ ಮೇಲೆ ಸರದಿಗಾಗಿ ಕಾದಿರುವರು. ಆಡುವವನೊಬ್ಬ, ಉಪದೇಶಿಸುವವರು ಒಂಬತ್ತು ಜನ. ಏಳನೆಯ ಕೋಟೆಯ ಬಾಗಿಲಿಗೆ ಬಂದಾಗ ಕರೆಂಟು ಹೋಗುವುದು. ಆಟದ ಮುನ್ನಡೆಯನ್ನು ಉಳಿಸಿಕೊಳ್ಳುವ ಏರ್ಪಾಡು ಆ ಪೆಟ್ಟಿಗೆಯಲ್ಲಿ ಇರಲಿಲ್ಲವಾದ್ದರಿಂದ ಮತ್ತೆ ಮೊದಲಿನಿಂದಲೇ ಆರಂಭ. ಗೆದ್ದುದೆಲ್ಲ ಒಂದು ಕ್ಷಣದಲ್ಲಿ ಇಲ್ಲವಾಗುವುದನ್ನೂ, ಆಮೇಲೆ ಕಣ್ಣೀರನ್ನೊರಸಿಕೊಂಡು ಮೊದಲನೆಯ ಹೆಜ್ಜೆಗೆ ಹಿಂದಿರುಗುವುದನ್ನೂ ಆ ಮಕ್ಕಳು ಯಾವ ಪಾಠಶಾಲೆಯಲ್ಲಿಯೂ ಅಷ್ಟು ಚೆನ್ನಾಗಿ ಕಲಿತಿರಲಾರರು.

ಮುಂದೆ ಆತನು ಉದ್ಯೋಗಕ್ಕಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನಾದಾಗ ಅಂಗೈಯ ಫೋನಿನಲ್ಲಿ ಹಾವಿನ ಆಟವೊಂದಿದ್ದಿತು. 1997ರಲ್ಲಿ ನೋಕಿಯಾ ಕಂಪನಿಯವರು ತಮ್ಮ ಫೋನಿನಲ್ಲಿ ಸೇರಿಸಿದ ಈ ಆಟದ ನಿಯಮ ಬಲು ಸರಳ. ಹಾವು ತಿಂದಷ್ಟೂ ಉದ್ದವಾಗುತ್ತದೆ. ಉದ್ದವಾದಷ್ಟೂ ಅದಕ್ಕೆ ತಿರುಗಲು ಎಡೆಯಿಲ್ಲ. ಕೊನೆಗೆ ತನ್ನ ಮೈಯನ್ನು ತಾನೇ ತಾಗಿ ಸಾಯುತ್ತದೆ. ಮಾಕಳಿದುರ್ಗದ ಬೆಟ್ಟದ ಮಗ್ಗುಲಲ್ಲಿ ರೈಲು ಹಾಯುವಾಗ, ನಿಂತ ಕಾಲಿನಲ್ಲಿಯೇ, ಜನರ ನೂಕುನುಗ್ಗಲಿನ ನಡುವೆ ಆತನು ಆ ಹಾವನ್ನು ಸಾಕುತ್ತಿದ್ದನು. ಮೇಲಧಿಕಾರಿಯ ಗದರಿಕೆ, ಸಾಲದ ಕಂತು, ತಂಗಿಯ ಮದುವೆಯ ಚಿಂತೆ, ಇವೆಲ್ಲವೂ ಆ ಇಪ್ಪತ್ತು ನಿಮಿಷಗಳ ಕಾಲ ಹೊರಗೆ ನಿಂತು ಕಾಯಬೇಕಾಗಿದ್ದಿತು.

ಇಂಥ ಆಟದಿಂದ ಬಂದ ಲಾಭವೇನು ಎಂದು ಕೇಳುವವರಿಗೆ ಲೆಕ್ಕ ತೋರಿಸುವುದು ಕಷ್ಟ. ಆದರೆ ಒಂದು ಮಾತನ್ನು ಹೇಳಬಹುದು. ಕಥೆಯನ್ನೋದುವಾಗ ನಾಯಕನ ಕಷ್ಟಕ್ಕೆ ಮರುಗುತ್ತೇವೆ. ನಾಟಕವನ್ನು ನೋಡುವಾಗ ಅವನ ಧೈರ್ಯಕ್ಕೆ ತಲೆದೂಗುತ್ತೇವೆ. ಪರದೆಯಾಟದಲ್ಲಿ ಮಾತ್ರ ಹಳ್ಳವನ್ನು ನಾವೇ ಹಾರಬೇಕು, ಬಿದ್ದರೆ ನಾವೇ ಏಳಬೇಕು. ಟೆಟ್ರಿಸ್ ಆಟವನ್ನು ನೋಡಿರಿ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತಲೇ ಇರುತ್ತವೆ. ಅವುಗಳ ವೇಗವು ಹೆಚ್ಚುತ್ತಲೇ ಹೋಗುತ್ತದೆ. ಗೆಲುವೆಂಬುದು ಅದರಲ್ಲಿ ಇಲ್ಲ. ಎಷ್ಟು ಹೊತ್ತು ತಡೆದು ನಿಂತೆವೆಂಬುದೊಂದೇ ಇದೆ. 2023ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಬಾಲಕನೊಬ್ಬನು 1989ರ ಹಳೆಯ ಯಂತ್ರದ ಟೆಟ್ರಿಸ್ಸಿನಲ್ಲಿ 157ನೆಯ ಹಂತವನ್ನು ಮುಟ್ಟಿದಾಗ, ಆಡುವವನು ಸೋಲುವುದಕ್ಕೆ ಬದಲಾಗಿ ಯಂತ್ರವೇ ಸ್ತಬ್ಧವಾಯಿತು. ಅಲ್ಲಿಯವರೆಗೆ ಆಡಿದ ಮಾನವರೆಲ್ಲರೂ ಸೋತವರೇ. ಆದರೂ ಸೋಲಿನ ಭಯದಿಂದ ಆಟವನ್ನು ಬಿಟ್ಟವರು ವಿರಳ. ಸೋಲು ನಿಶ್ಚಿತವೆಂದು ತಿಳಿದೂ ಉತ್ಸಾಹವನ್ನು ಕಳೆದುಕೊಳ್ಳದಿರುವುದು ಅಲ್ಪವಾದ ಗುಣವಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ಆಟವು ಹವ್ಯಾಸವಾಗಿರುವುದು ಬೇರೆ, ಗೀಳಾಗುವುದು ಬೇರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿಯೇ ಯಂತ್ರಗಳ ಅತಿಬಳಕೆಗೆ ಸಿಕ್ಕಿದವರಿಗಾಗಿ ಪ್ರತ್ಯೇಕ ಚಿಕಿತ್ಸಾ ಶಾಖೆಯೊಂದನ್ನು ತೆರೆಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೂ ಸ್ಥಾನ ದೊರೆತು, ಆ ಪಟ್ಟಿಯು 2022ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮೇಲಾಗುವುದು, ಕೇಡು ಕಣ್ಣಿಗೆ ಕಂಡರೂ ಬಿಡಲಾಗದಿರುವುದು. ಎಷ್ಟು ಗಂಟೆ ಆಡಿದನೆಂಬುದು ಇದರಲ್ಲಿ ಮುಖ್ಯವಲ್ಲ. ಏಳಬೇಕೆಂದಾಗ ಏಳಬಲ್ಲನೆ ಎಂಬುದೇ ಮುಖ್ಯ. ಹೆಂಡತಿಯು ಊಟಕ್ಕೆ ಕರೆದ ಒಡನೆ ಏಳುವವನು ಹವ್ಯಾಸಿ. “ಇನ್ನೊಂದೇ ಆಟ” ಎಂದು ಮೂರು ಸಲ ಹೇಳುವವನು ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು.

ಹಣವು ಸೇರಿದರೆ ಸಂಗತಿಯು ಪೂರ್ತಿಯಾಗಿ ಬೇರೆಯೇ ಆಗುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನ ಗೋಳಿನ ಸೂಕ್ತವೊಂದಿದೆ. ಧರ್ಮರಾಯನ ಪಗಡೆಯ ಕಥೆಯನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ಪಣವಿಟ್ಟು ಆಡುವ ಅಂತರ್ಜಾಲದ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಮಾಡಿದ ಶಾಸನವನ್ನು ಉಚ್ಚ ನ್ಯಾಯಾಲಯವು 2022ರಲ್ಲಿ ಅಸಿಂಧುಗೊಳಿಸಿತು. 2025ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಪಣವಿಲ್ಲದ ಆಟದಲ್ಲಿ ಸೋತವನು ನಗುತ್ತಾ ಏಳುತ್ತಾನೆ. ಪಣವಿಟ್ಟವನು ಗೆದ್ದರೂ ನೆಮ್ಮದಿಯಿಂದ ಏಳಲಾರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ನಿರಪರಾಧಿಯಾದ ಹವ್ಯಾಸಿಯನ್ನು ಹಳಿಯುವುದು ಸರಿಯಲ್ಲ.

ಹವ್ಯಾಸಿಯ ನಿಜವಾದ ದುಃಖ ಬೇರೊಂದಿದೆ. ಅದನ್ನು ಯಾರೂ ವಿಚಾರಿಸುವುದಿಲ್ಲ. ಬಾಲ್ಯದಲ್ಲಿ ಓದಿದ ಪುಸ್ತಕವನ್ನು ಮುಪ್ಪಿನಲ್ಲಿ ತೆಗೆದು ಓದಬಹುದು. ಬಾಲ್ಯದ ಪರದೆಯಾಟವು ಹಾಗೆ ಕೈಗೆ ದೊರೆಯುವುದಿಲ್ಲ. ಪೆಟ್ಟಿಗೆಯು ಕೆಡುತ್ತದೆ, ಅದರ ತಂತಿಯನ್ನು ಸಿಕ್ಕಿಸಲು ಟೀವಿಯಲ್ಲಿ ಜಾಗವೇ ಇಲ್ಲವಾಗುತ್ತದೆ, ದೂರದ ಯಂತ್ರವನ್ನು ನಂಬಿದ ಆಟವಂತೂ ಆ ಯಂತ್ರವು ನಿಂತ ದಿನವೇ ಮಾಯವಾಗುತ್ತದೆ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಪ್ರಕಟವಾದ ಹಳೆಯ ಆಟಗಳಲ್ಲಿ ನೂರಕ್ಕೆ 87 ಅಂಗಡಿಯಲ್ಲಿ ಕೊಳ್ಳಲು ದೊರೆಯದಂತಾಗಿವೆಯೆಂದು ಅಲ್ಲಿಯ ಆಟಗಳ ಇತಿಹಾಸ ಸಂಸ್ಥೆಯು 2023ರಲ್ಲಿ ಲೆಕ್ಕ ಹಾಕಿತು. ಮುಮ್ಮಡಿಯವರ ಆಟದ ಪಟಗಳು ಉಳಿದಿವೆ. ದೇವಾಲಯದ ಜಗಲಿಯ ಗೀಟುಗಳು ಉಳಿದಿವೆ. ಮೊನ್ನೆಮೊನ್ನೆಯ ಆಟಗಳು ಉಳಿಯಲಿಲ್ಲ.

ಆದಕಾರಣ ಮನೆಯ ಹಿರಿಯರಿಗೂ ಕಿರಿಯರಿಗೂ ಈ ವಿಷಯದಲ್ಲಿ ಒಂದು ಒಪ್ಪಂದವಾಗುವುದು ಲೇಸು. ಮಗಳು ತಂದೆಗೆ ಹೊಸ ಆಟದ ಗುಂಡಿಗಳನ್ನು ತೋರಿಸಿಕೊಡಲಿ; ತಂದೆಯು ಮಗಳಿಗೆ ಹಳೆಯದರ ಕಥೆಯನ್ನು ಹೇಳಲಿ; ಕರೆಂಟು ಹೋದ ಸಂಜೆ ಅಜ್ಜಿಯು ಸೀಮೆಸುಣ್ಣದಿಂದ ನೆಲದ ಮೇಲೆ ಇಪ್ಪತ್ತೈದು ಮನೆಗಳನ್ನು ಬರೆದು, ನಾಲ್ಕು ಕವಡೆಗಳನ್ನು ತಂದು, ಇಬ್ಬರನ್ನೂ ಚೌಕಾಬಾರಕ್ಕೆ ಕೂರಿಸಲಿ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಇದನ್ನು ಕಲಿಯಲು ವಿದ್ಯುತ್ತೂ ಬೇಡ, ವಯಸ್ಸೂ ಅಡ್ಡಿಯಲ್ಲ. ಆ ಆಟದಲ್ಲಿ ಕಾಯಿಯು ಸುತ್ತನ್ನೆಲ್ಲ ಮುಗಿಸಿ ನಡುಮನೆಯನ್ನು ಸೇರಿದರೆ ಅದನ್ನು ಹಣ್ಣಾಯಿತೆನ್ನುತ್ತಾರೆ. ಹಣ್ಣಾದ ಕಾಯಿಗೆ ಆಮೇಲೆ ಆಟವಿಲ್ಲ. ಮನುಷ್ಯನಿಗೂ ಅಂಥ ದಿನವೊಂದು ಬಂದೇ ಬರುತ್ತದೆ. ಅದು ಬರುವವರೆಗೆ, ದಿನದ ಕೆಲಸವನ್ನು ಮುಗಿಸಿ, ಯಾರಿಗೂ ಕೇಡೆಣಿಸದೆ ಆಡಲು ಕುಳಿತವನನ್ನು ನೋಡಿ ನಗುವುದಕ್ಕಿಂತ, ಅವನ ಪಕ್ಕದಲ್ಲಿ ಒಂದು ಗಳಿಗೆ ಕುಳಿತುಕೊಳ್ಳುವುದು ಮೇಲು.