ಕಿಟಕಿ ಮುಚ್ಚಿದ ಮೇಲೆ

ನಿವೃತ್ತನಾದ ಬ್ಯಾಂಕ್ ಆಫೀಸರನಿಗೆ ಮುಂಬಯಿಯಲ್ಲಿ ಒಂದು ಕೆಲಸ ಖಾಯಂ: ಯಾವುದಾದರೊಂದು ಕನ್ನಡ ಸಂಘದ ಖಜಾಂಚಿ ಆಗುವುದು. 'ನಿಮಗೆ ಲೆಕ್ಕ ಗೊತ್ತುಂಟಲ್ಲ ಮಾರಾಯ್ರೇ' ಅಂದರೆ ಮುಗಿಯಿತು, ಇಲ್ಲ ಎನ್ನಲು ನಾಲಗೆ ಏಳುವುದಿಲ್ಲ. 2019ರ ಜನವರಿಯಲ್ಲಿ ನಿವೃತ್ತನಾದೆ. ಮಾರ್ಚ್ ಬರುವಷ್ಟರಲ್ಲಿ ಸಂಘದ ಹಾಲಿಗೆ ಎ.ಸಿ. ಹಾಕಿಸುವ ಕೆಲಸ ನನ್ನ ತಲೆಗೆ ಬಂತು.

ನಮ್ಮ ಹಾಲು ಉಪನಗರದ ಒಂದು ಹಳೇ ಕಟ್ಟಡದ ಮೊದಲನೇ ಮಹಡಿಯಲ್ಲಿದೆ. ಆರುನೂರು ಚದರಡಿ, ಆರು ಫ್ಯಾನು, ರಸ್ತೆ ಕಡೆಗೆ ನಾಲ್ಕು ಕಿಟಕಿ. ಊರಿನಲ್ಲಿರುವ ನಿಮಗೆ ಆರುನೂರು ಚದರಡಿ ಅಂದರೆ ಅಂಗಳದ ಒಂದು ಮೂಲೆ. ಇಲ್ಲಿ ಅದೇ ನಮ್ಮ ಆಸ್ತಿ. ಮೇ ತಿಂಗಳಲ್ಲಿ ಎಂಬತ್ತು ಜನ ಒಳಗೆ ಕೂತರೆ ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿತ್ತು. ಹಿಂದಿನ ವರ್ಷದ ತಾಳಮದ್ದಳೆಯಲ್ಲಿ ಹಿರಿಯರೊಬ್ಬರು ಕುರ್ಚಿಯಲ್ಲೇ ಕುಸಿದಿದ್ದರು. ಗಾಳಿ ಹಾಕಿ, ಮಜ್ಜಿಗೆ ಕುಡಿಸಿ ಏಳಿಸಿದ್ದಾಯಿತು. ಆಮೇಲೆ ಅವರ ಮನೆಯವರು ಅವರನ್ನು ಕಳಿಸಲೇ ಇಲ್ಲ. ಎ.ಸಿ. ಬೇಕೆನ್ನಲು ಬೇರೆ ಕಾರಣ ಬೇಕಿರಲಿಲ್ಲ.

ಗೋಡೆಗೆ ಹಾಕೋಣವೆಂದರೆ ಅಲ್ಲೆಲ್ಲ ಸ್ಥಾಪಕರ ಫೋಟೋಗಳು. ಅವರನ್ನು ಇಳಿಸುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಛಾವಣಿಗೆ ತೂಗುಹಾಕುವ ಕ್ಯಾಸೆಟ್ ಎ.ಸಿ. ಎಂದು ತೀರ್ಮಾನವಾಯಿತು. ಲೆಕ್ಕ ಹಾಕಲು ಬಂದ ಇಂಜಿನಿಯರ್ ಮೊದಲು ಕೇಳಿದ್ದು ಹಾಲಿನ ಅಳತೆಯನ್ನಲ್ಲ, 'ಎಷ್ಟು ಜನ ಕೂರುತ್ತಾರೆ?' ಎಂದು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವಾಟ್ ಶಾಖ ಬರುತ್ತದಂತೆ. ಎಂಬತ್ತು ಜನ ಅಂದರೆ ಎಂಬತ್ತು ದೊಡ್ಡ ಬಲ್ಬು ಉರಿದ ಹಾಗೆ! ಮೂರು ಟನ್ನಿನ ಎರಡು ಯಂತ್ರ ಬೇಕೆಂದಾಯಿತು. ಈ ಟನ್ನು ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಕ್ತಿ. ಎಂ.ಕಾಂ. ಓದಿದವನಿಗೆ ಇದೆಲ್ಲ ಹೊಸ ಪಾಠ. ನನಗೆ ತಕ್ಷಣ ತಿಳಿದದ್ದು 28 ಪರ್ಸೆಂಟ್ ಜಿಎಸ್‌ಟಿ ಮಾತ್ರ. 2025ರ ಸೆಪ್ಟೆಂಬರಿನಲ್ಲಿ ಅದು 18ಕ್ಕೆ ಇಳಿದಾಗ ಪೇಪರ್ ಓದುತ್ತಾ ನಿಟ್ಟುಸಿರು ಬಿಟ್ಟೆ.

ಯಂತ್ರ ಕೂರಿಸಲು ಬಂದವನು ಉತ್ತರಪ್ರದೇಶದ ಇಪ್ಪತ್ತೆರಡರ ಹುಡುಗ. ಮೇಲಿನ ಸ್ಲ್ಯಾಬಿಗೆ ತೂತು ಕೊರೆದು ನಾಲ್ಕು ಸರಳು ಇಳಿಬಿಟ್ಟು, ಅದಕ್ಕೆ ಯಂತ್ರವನ್ನು ತೂಗುಹಾಕಿ, ತಾಮ್ರದ ಪೈಪು ಎಳೆದ. ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ, ತೇವ ಎಲ್ಲವನ್ನೂ ಪಂಪು ಹಚ್ಚಿ ಹೊರಗೆಳೆದ. ಕೆಳಗೆ ಫಾಲ್ಸ್ ಸೀಲಿಂಗ್ ಬಂದ ಮೇಲೆ ಕಾಣುವುದು ಒಂದು ಚೌಕ ಜಾಲರಿ ಮಾತ್ರ.

ಪರೀಕ್ಷೆಯ ದಿನ ತಂಪು ಬಂತು, ಜೊತೆಗೆ ನೀರೂ ಬಂತು. ಟಪ್ ಟಪ್ ಎಂದು ವೇದಿಕೆಯ ಜಮಖಾನದ ಮೇಲೆ! ನೀರು ಹೊರಗೆ ಹೋಗುವ ಪೈಪು ನಡುವೆ ಜೋತುಬಿದ್ದಿತ್ತು. ಕಂಟ್ರಾಕ್ಟರನಿಗೆ ಫೋನ್ ಮಾಡಿದರೆ 'ಎಲ್ಲ ಸರಿ ಇದೆ' ಎಂಬ ಉತ್ತರ. ಕೊನೆಗೆ ಆ ಹುಡುಗನೇ ಸಂಜೆ ಬಂದು, ಸೀಲಿಂಗಿನ ಹಲಗೆ ತೆಗೆದು, ಮಟ್ಟಗೋಲು ಇಟ್ಟು ಪೈಪನ್ನು ಎತ್ತಿಕಟ್ಟಿದ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಬೇಕೇ ಬೇಕಂತೆ. ಚಹಾ ಕುಡಿಯುತ್ತಾ, 'ಅಂಕಲ್, ಇಲ್ಲಿ ಏನು ನಡೆಯುತ್ತೆ?' ಎಂದು ಹಿಂದಿಯಲ್ಲಿ ಕೇಳಿದ. 'ನಮ್ಮ ಭಾಷೆಯವರು ಸೇರುತ್ತೇವೆ' ಎಂದೆ. 'ಒಳ್ಳೇದು. ನಮಗೆ ಇಂಥ ಜಾಗ ಇಲ್ಲ' ಎಂದವನು, ಹೋಗುವಾಗ ನಾಲ್ಕೂ ಕಿಟಕಿಯ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿ, 'ಇನ್ನು ಇವನ್ನು ತೆಗೀಬೇಡಿ' ಎಂದ.

ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ ನೋಡಿ. ನಾನು ಈ ಸಂಘಕ್ಕೆ ಬಂದದ್ದೇ ಆ ಕಿಟಕಿಯಿಂದ!

1984. ಕುಂದಾಪುರದ ಕಡೆಯಿಂದ ವರ್ಗವಾಗಿ ಆಗಿನ ಬೊಂಬಾಯಿಗೆ ಬಂದು ಹದಿನೈದು ದಿನ ಆಗಿತ್ತು. ನಾಲ್ಕು ಜನರ ಒಂದು ರೂಮು, ಮಾತಾಡಲು ಯಾರೂ ಇಲ್ಲ. ರಾಜೀನಾಮೆ ಕೊಟ್ಟು ಊರಿಗೆ ಹೋಗುವುದೆಂದು ಮನಸ್ಸಿನಲ್ಲೇ ಅರ್ಜಿ ಬರೆದಾಗಿತ್ತು. ಒಂದು ಶನಿವಾರ ಸಂಜೆ ತರಕಾರಿ ಚೀಲ ಹಿಡಿದು ಈ ರಸ್ತೆಯಲ್ಲಿ ಬರುವಾಗ ಮೇಲಿನಿಂದ ಚೆಂಡೆಯ ಸದ್ದು ಕೇಳಿತು. ಕಾಲು ಮುಂದೆ ಹೋಗಲಿಲ್ಲ. ಎಷ್ಟು ಹೊತ್ತು ಫುಟ್‌ಪಾತಿನಲ್ಲಿ ನಿಂತಿದ್ದೆನೋ ಗೊತ್ತಿಲ್ಲ. ಕಿಟಕಿಯಲ್ಲಿ ಒಬ್ಬರು ಬಗ್ಗಿ, 'ಹೊರಗೆ ನಿಂತು ಎಂತ ಕೇಳ್ತ್ರಿ ಮಾರಾಯ್ರೆ, ಮೇಲೆ ಬನ್ನಿ' ಎಂದರು. ಆ ಅರ್ಜಿ ಇನ್ನೂ ಕೊಟ್ಟಿಲ್ಲ.

ಎ.ಸಿ. ಹಾಕಿದ ಮೇಲಿನ ಮೊದಲ ತಾಳಮದ್ದಳೆಗೆ ಕುಸಿದುಬಿದ್ದಿದ್ದ ಹಿರಿಯರು ಶಾಲು ಹೊದ್ದು ಬಂದರು, ಮಂಗಳದ ತನಕ ಕೂತರು. ನನಗೆ ಸಂತೋಷವಾಯಿತು. ನಡುವೆ ಏನೋ ಕೆಲಸಕ್ಕೆಂದು ಕೆಳಗಿಳಿದು ರಸ್ತೆಯಲ್ಲಿ ನಿಂತೆ. ರಿಕ್ಷಾಗಳ ಗಲಾಟೆ ಬಿಟ್ಟರೆ ಏನೂ ಕೇಳಲಿಲ್ಲ. ಮೇಲೆ ಕರ್ಣಪರ್ವ ನಡೆಯುತ್ತಿದೆಯೆಂದು ಯಾರಿಗೂ ತಿಳಿಯುವ ಹಾಗಿರಲಿಲ್ಲ.

ಕಮಿಟಿಯಲ್ಲಿ ಹೇಳಿದೆ. 'ಈಗ ಎಲ್ಲ ವಾಟ್ಸಾಪಿನಲ್ಲಿ ಗೊತ್ತಾಗ್ತದೆ' ಎಂದು ನಕ್ಕರು. ಸರಿಯೇ. ಆದರೆ ವಾಟ್ಸಾಪಿನಲ್ಲಿ ಗೊತ್ತಾಗುವುದು ಆಗಲೇ ನಮ್ಮ ಗುಂಪಿನಲ್ಲಿ ಇರುವವರಿಗೆ ತಾನೇ? ವಾದ ಮಾಡಿ ಒಂದು ರಾಜಿಗೆ ಬಂದೆವು. ಚೆಂಡೆಯ ಪೀಠಿಕೆ ಮುಗಿಯುವ ತನಕ ಎರಡು ಕಿಟಕಿ ತೆರೆದಿರಬೇಕು, ಎ.ಸಿ. ಆಮೇಲೆ.

ಇಷ್ಟು ವರ್ಷಗಳಲ್ಲಿ ಸದ್ದು ಕೇಳಿ ಮೇಲೆ ಬಂದವರು ಇಬ್ಬರೇ. ಒಬ್ಬರು ಪಕ್ಕದ ಕಟ್ಟಡದವರು, ಸದ್ದು ಕಡಿಮೆ ಮಾಡಿ ಎನ್ನಲು ಬಂದದ್ದು. ಇನ್ನೊಬ್ಬ ಕೊರಿಯರ್ ಹಂಚುವ ಗದಗಿನ ಹುಡುಗ, ಬೆನ್ನಿಗೆ ದೊಡ್ಡ ಚೀಲ. ಬಾಗಿಲಲ್ಲೇ ನಿಂತು, 'ಕನ್ನಡದಾಗ ಏನೋ ನಡದೈತಿ ಅನಿಸ್ತ್ರಿ, ಅದಕ್ಕ ಬಂದೆ' ಎಂದ. ಯಕ್ಷಗಾನ ಅವನಿಗೆ ಹೊಸದು. ಒಳಗೆ ಕರೆದು, ಗಾಳಿ ಚೆನ್ನಾಗಿ ಬೀಳುವ ಕಡೆ ಕೂರಿಸಿ, ನಾನೇ ಎದ್ದು ಹೋಗಿ ಕಿಟಕಿ ಹಾಕಿದೆ.